ಆನ್‌ಲೈನ್ ಅರ್ಜಿ ನಮೂನೆಗಳಲ್ಲಿ ಖಾಲಿ ಆಯ್ಕೆ

ಖಾಲಿ ಆಯ್ಕೆ ಎಂದರೆ ಜಾಲತಾಣದ ಅರ್ಜಿ ನಮೂನೆಯಲ್ಲಿ ಒಂದು ಪ್ರಶ್ನೆಗೆ ಯಾವ ಉತ್ತರವನ್ನೂ ಆರಿಸದೆ ಮುಂದುವರಿಯಲು ಬಳಕೆದಾರರಿಗಿರುವ ಅವಕಾಶ. ಕಾಗದದ ಅರ್ಜಿಯಲ್ಲಿ ಜಾಗವನ್ನು ಬಿಟ್ಟು ಮುಂದೆ ಹೋದರಾಯಿತು. ಪರದೆಯ ಮೇಲೆ ಈ ಅವಕಾಶವನ್ನು ವಿನ್ಯಾಸಕಾರರು ಯೋಚಿಸಿ ಒದಗಿಸಬೇಕಾಗುತ್ತದೆ.

ನಮೂನೆಯ ಅಂಗಗಳು

ತೊಡಕು ಹೆಚ್ಚಾಗಿ ಕಾಣುವುದು ರೇಡಿಯೋ ಬಟನ್‌ಗಳಲ್ಲಿ. ಹಳೆಯ ಕಾರುಗಳ ರೇಡಿಯೋದಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಮೊದಲು ಒತ್ತಿದ್ದುದು ಮೇಲೇಳುತ್ತಿತ್ತು. ಹೆಸರು ಬಂದದ್ದು ಅಲ್ಲಿಂದ. 1995ರ ಎಚ್‌ಟಿಎಂಎಲ್ 2.0ರ ಪ್ರಕಾರ ಇಂತಹ ಗುಂಪಿನಲ್ಲಿ ಸದಾ ಒಂದು ಬಟನ್ ಆಯ್ಕೆಯಾಗಿರಲೇಬೇಕಿತ್ತು. ಪುಟ ಬರೆದವರು ಯಾವುದನ್ನೂ ಸೂಚಿಸದಿದ್ದರೆ ಬ್ರೌಸರ್ ಮೊದಲನೆಯದನ್ನು ತಾನೇ ಆರಿಸಬೇಕಿತ್ತು. ಇಂದಿನ ಮಾನದಂಡದಲ್ಲಿ ಆರಂಭಕ್ಕೆ ಎಲ್ಲವೂ ಖಾಲಿ ಇರಬಹುದು. ಆದರೆ ಒಮ್ಮೆ ಆರಿಸಿದ ಬಟನ್ನನ್ನು ಮತ್ತೆ ಒತ್ತಿ ಆಯ್ಕೆಯನ್ನು ಹಿಂತೆಗೆದುಕೊಳ್ಳಲು ಆಗದು. ಆದುದರಿಂದ ಐಚ್ಛಿಕ ಪ್ರಶ್ನೆಗಳಲ್ಲಿ "ಹೇಳಲು ಇಚ್ಛಿಸುವುದಿಲ್ಲ" ಎಂಬ ಬಟನ್ನನ್ನೂ ಸೇರಿಸುವುದು ಒಳ್ಳೆಯ ಪದ್ಧತಿ.

ಒಂದೇ ಸಾಲಿನ ಆಯ್ಕೆಪಟ್ಟಿಯಲ್ಲಿ ಮೊದಲ ಹೆಸರು ತಾನಾಗಿಯೇ ಆಯ್ಕೆಯಾಗಿರುತ್ತದೆ. ಅದನ್ನು ತಪ್ಪಿಸಲು ಮೇಲ್ಗಡೆ "ಆಯ್ಕೆಮಾಡಿ" ಎಂಬ ಬೆಲೆಯಿಲ್ಲದ ಸಾಲನ್ನು ಇಡುತ್ತಾರೆ. ಸ್ಲೈಡರ್‌ಗೆ ಖಾಲಿ ಸ್ಥಿತಿಯೇ ಇಲ್ಲ. 0ರಿಂದ 100ರವರೆಗಿನ ಸ್ಲೈಡರನ್ನು ಮುಟ್ಟದೆ ಬಿಟ್ಟವರ ಅಭಿಪ್ರಾಯವೂ 50 ಎಂದೇ ದಾಖಲಾಗುತ್ತದೆ. ಸಮೀಕ್ಷೆಗಳಲ್ಲಿ ಇದು ಸಣ್ಣ ದೋಷವಲ್ಲ.

ಖಾಲಿಯ ಅರ್ಥ

ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಬೇರೆ, ಹಾಜರಿಯನ್ನೇ ಕರೆಯದ ದಿನದ ಖಾಲಿ ಮನೆ ಬೇರೆ. ನಮೂನೆಯಲ್ಲಿಯೂ "ಇಲ್ಲ" ಎಂಬ ಉತ್ತರ ಮತ್ತು ಉತ್ತರವಿಲ್ಲದಿರುವುದು ಒಂದೇ ಅಲ್ಲ. ಬಹುಪಾಲು ಆನ್‌ಲೈನ್‌ನಲ್ಲಿ ನಡೆದ ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆ ಐಚ್ಛಿಕವಾಗಿತ್ತು. "ಧರ್ಮವಿಲ್ಲ" ಎಂದವರು ಶೇ. 37.2, ಉತ್ತರಿಸದೆ ಬಿಟ್ಟವರು ಶೇ. 6. ಇವೆರಡನ್ನೂ ಕೂಡಿಸಿದ್ದರೆ ಚಿತ್ರವೇ ಬದಲಾಗುತ್ತಿತ್ತು.

ಮೊದಲೇ ಗುರುತು ಹಾಕಿದ ಚೌಕವನ್ನು ಬಳಕೆದಾರರು ಅಳಿಸದೆ ಬಿಟ್ಟರೆ ಅದು ಸಮ್ಮತಿಯಾಗದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ಪ್ಲಾನೆಟ್49 ಪ್ರಕರಣದಲ್ಲಿ 2019ರ ಅಕ್ಟೋಬರ್ 1ರಂದು ತೀರ್ಪಿತ್ತಿತು.

ಕುಲನಾಮದ ಸಮಸ್ಯೆ

ಕರ್ನಾಟಕದಲ್ಲಿ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಇನಿಶಿಯಲ್ ಆಗಿ ಬಳಸುವವರು ಬಹಳ. ಕುಲನಾಮವನ್ನು ಕಡ್ಡಾಯಗೊಳಿಸಿದ ನಮೂನೆಯಲ್ಲಿ ಇಂಥವರು ಚುಕ್ಕೆ ಇಡುತ್ತಾರೆ, ಹೆಸರನ್ನೇ ಎರಡು ಬಾರಿ ಬರೆಯುತ್ತಾರೆ, ಇಲ್ಲವೇ ಇನಿಶಿಯಲ್ಲನ್ನು ತುಂಬುತ್ತಾರೆ. ಆಮೇಲೆ ಅಂಕಪಟ್ಟಿ, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್‌ಗಳಲ್ಲಿನ ಹೆಸರುಗಳು ಒಂದಕ್ಕೊಂದು ಹೊಂದುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರು ಅಮೆರಿಕದ ಡಿಎಸ್-160 ವೀಸಾ ಅರ್ಜಿಯಲ್ಲಿ ಆ ಹೆಸರನ್ನು ಕುಲನಾಮದ ಜಾಗದಲ್ಲಿ ಬರೆದು, ಸ್ವಂತ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂಬ ಅಕ್ಷರಗಳನ್ನು ತುಂಬಬೇಕಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದು ಅದರ ಅರ್ಥ.