ವಿಕಿರಣಶೀಲತೆ: ಕರ್ನಾಟಕದಲ್ಲಿ ಅಧ್ಯಯನ ಮತ್ತು ಬಳಕೆಯ ಇತಿಹಾಸ

ಅಸ್ಥಿರವಾದ ಪರಮಾಣು ನ್ಯೂಕ್ಲಿಯಸ್ ತನ್ನಷ್ಟಕ್ಕೆ ಕ್ಷಯಿಸುತ್ತ ಕಣಗಳನ್ನೋ ಶಕ್ತಿಯನ್ನೋ ಹೊರಸೂಸುವ ಗುಣವೇ ವಿಕಿರಣಶೀಲತೆ. ವಸ್ತುವನ್ನು ಕಾಯಿಸಿದರೂ ಅರೆದರೂ ಆಮ್ಲದಲ್ಲಿ ಕರಗಿಸಿದರೂ ಕ್ಷಯದ ವೇಗ ಬದಲಾಗುವುದಿಲ್ಲ. ವಸ್ತುವಿನ ಅರ್ಧಭಾಗ ಕ್ಷಯಿಸಲು ಹಿಡಿಯುವ ಕಾಲಕ್ಕೆ ಅರ್ಧಾಯು ಎಂದು ಹೆಸರು. ರೇಡಾನ್-222ರ ಅರ್ಧಾಯು 3.8 ದಿನ, ಯುರೇನಿಯಂ-238ರದು ಸುಮಾರು 447 ಕೋಟಿ ವರ್ಷ. ಒಂದು ಸೆಕೆಂಡಿಗೆ ಒಂದು ಕ್ಷಯವಾದರೆ ಅದು ಒಂದು ಬೆಕೆರೆಲ್.

ಶೋಧ ಮತ್ತು ಬಗೆಗಳು

1896ರಲ್ಲಿ ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್, ಯುರೇನಿಯಂ ಲವಣ ಬಿಸಿಲು ಕಾಣದೆಯೂ ಛಾಯಾಫಲಕವನ್ನು ಕಪ್ಪಾಗಿಸುವುದನ್ನು ಕಂಡ. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ ಪೊಲೋನಿಯಂ, ರೇಡಿಯಂಗಳನ್ನು ಪತ್ತೆಹಚ್ಚಿದರು. ಕಿರಣಗಳ ಹಾಯುವ ಸಾಮರ್ಥ್ಯವನ್ನು ನೋಡಿ ಅರ್ನೆಸ್ಟ್ ರುದರ್‌ಫರ್ಡ್ 1899ರಲ್ಲಿ ಅವನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದ. ಮರುವರ್ಷ ಪಾಲ್ ವಿಲ್ಲಾರ್ ಕಂಡ ಮೂರನೆಯ ಬಗೆಗೆ ಮುಂದೆ ಗಾಮಾ ಎಂಬ ಹೆಸರಾಯಿತು.

ಆಲ್ಫಾ ಕಣದಲ್ಲಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇರುತ್ತವೆ; ಒಂದು ಹಾಳೆ ಕಾಗದವೇ ಅದನ್ನು ತಡೆಯುತ್ತದೆ. ಬೀಟಾ ಎಂದರೆ ನ್ಯೂಕ್ಲಿಯಸ್‌ನಿಂದ ಹೊರಬೀಳುವ ಎಲೆಕ್ಟ್ರಾನ್ ಇಲ್ಲವೇ ಪಾಸಿಟ್ರಾನ್; ಅದನ್ನು ತಡೆಯಲು ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸಾಕು. ಗಾಮಾ ವಿದ್ಯುತ್ಕಾಂತೀಯ ಕಿರಣವಾದ್ದರಿಂದ ಸೀಸ ಅಥವಾ ಕಾಂಕ್ರೀಟಿನ ದಪ್ಪ ಗೋಡೆ ಬೇಕು. ರಿಯಾಕ್ಟರುಗಳಲ್ಲಿ ಹೊಮ್ಮುವ ನ್ಯೂಟ್ರಾನುಗಳನ್ನು ನೀರಿನಂಥ ಹೈಡ್ರೋಜನ್‌ಭರಿತ ವಸ್ತುಗಳು ನಿಧಾನಗೊಳಿಸುತ್ತವೆ.

ಶಿಲೆಗಳ ವಯಸ್ಸು

ಮೈಸೂರು ಸೀಮೆಯ ನೆಲದಡಿಯಲ್ಲಿ ಹರಡಿರುವ ನೈಸ್ ಶಿಲಾಸಮೂಹಕ್ಕೆ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟರು. ಇದರ ವಯಸ್ಸನ್ನು ವರ್ಷಗಳಲ್ಲಿ ಹೇಳಲು ಸಾಧ್ಯವಾದದ್ದು ವಿಕಿರಣಶೀಲತೆಯಿಂದ. ಶಿಲೆಯಲ್ಲಿರುವ ರುಬಿಡಿಯಂ-87 ಬೀಟಾ ಕ್ಷಯದಿಂದ ಸ್ಟ್ರಾನ್ಷಿಯಂ-87 ಆಗುತ್ತದೆ; ಎರಡರ ಪ್ರಮಾಣವನ್ನು ಅಳೆದರೆ ಶಿಲೆಯ ವಯಸ್ಸು ಸಿಗುತ್ತದೆ. ಈ ವಿಧಾನದಿಂದ ಹಾಸನ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷ ಹಳೆಯದೆಂದು 1980ರ ಹೊತ್ತಿಗೆ ಗೊತ್ತಾಯಿತು. ಮುಂದೆ ಯುರೇನಿಯಂ-ಸೀಸ ವಿಧಾನವು ಸರಗೂರು ಶಿಲಾಸಮೂಹದಲ್ಲಿ 350 ಕೋಟಿ ವರ್ಷಕ್ಕೂ ಹಿಂದಿನ ಜಿರ್ಕಾನ್ ಹರಳುಗಳನ್ನು ತೋರಿಸಿಕೊಟ್ಟಿತು.

ನಂಜನಗೂಡಿನಿಂದ ಕೋಲಾರದ ಗಣಿಗೆ

ಬದನವಾಳು ಗ್ರಾಮವಿರುವ ನಂಜನಗೂಡು ಸೀಮೆ ವಿಕಿರಣ ಸಂಶೋಧನೆಗೆ ಒಬ್ಬ ದೊಡ್ಡ ವಿಜ್ಞಾನಿಯನ್ನು ಕೊಟ್ಟಿದೆ. ಬದನವಾಳು ವೆಂಕಟಸುಬ್ಬ ಶ್ರೀಕಂಠನ್ (1925–2019) ನಂಜನಗೂಡಿನಲ್ಲಿ ಹುಟ್ಟಿದರು. ತಂದೆ ಆಯುರ್ವೇದ ವೈದ್ಯ ಬಿ.ವಿ. ಪಂಡಿತ್. ಶ್ರೀಕಂಠನ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, 1948ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಕೋಲಾರದ ಚಿನ್ನದ ಗಣಿಯೊಳಗೆ ಉಪಕರಣ ಇಳಿಸಿದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್ ಕಣಗಳು ಎಷ್ಟು ಆಳಕ್ಕೆ ಇಳಿಯುತ್ತವೆ ಎಂಬುದು ಪ್ರಶ್ನೆ.

ಗಣಿಯಲ್ಲಿ ಒಂದು ತೊಡಕಿತ್ತು. ಮೇಲಿನ ಬಂಡೆ ಆಕಾಶದ ಕಣಗಳನ್ನು ತಡೆಯುತ್ತದೆ, ಆದರೆ ಬಂಡೆಯಲ್ಲೇ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಇವೆ. ಅವುಗಳ ಬೀಟಾ, ಗಾಮಾಗಳಿಗೂ ಕಣಗಳನ್ನು ಎಣಿಸುವ ಕೌಂಟರ್ ಸದ್ದು ಮಾಡುತ್ತದೆ. ಹಾಗಾಗಿ ಕೌಂಟರುಗಳನ್ನು ಸಾಲಾಗಿ ಇಟ್ಟು, ಎಲ್ಲವೂ ಏಕಕಾಲಕ್ಕೆ ಮಿಡಿದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಕ್ರಮ ಬಂತು. ಬಂಡೆಯ ದುರ್ಬಲ ಕಿರಣ ಸಾಮಾನ್ಯವಾಗಿ ಒಂದರಲ್ಲೇ ನಿಂತುಬಿಡುತ್ತದೆ. ಮ್ಯೂಯಾನ್ ಎಲ್ಲವನ್ನೂ ಹಾದುಹೋಗುತ್ತದೆ.

1960ರ ದಶಕದ ಆರಂಭದಲ್ಲಿ, ಇನ್ನೂ ಆಳದಲ್ಲಿ ಮ್ಯೂಯಾನ್ ಒಂದೂ ಸಿಗಲಿಲ್ಲ. ಆ ನಿಶ್ಶಬ್ದವೇ, ಎಂಥ ಬಂಡೆಯನ್ನೂ ಸುಲಭವಾಗಿ ಹಾಯುವ ನ್ಯೂಟ್ರಿನೋ ಕಣದ ಹುಡುಕಾಟಕ್ಕೆ ಅನುವಾಯಿತು. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ತಂಡ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ದಕ್ಷಿಣ ಆಫ್ರಿಕದ ಗಣಿಯಲ್ಲೂ ಇದು ದಾಖಲಾಯಿತು. ಈ ತಂಡದಲ್ಲಿದ್ದ ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು.

ಚಿಕಿತ್ಸೆ ಮತ್ತು ವಿದ್ಯುತ್

ಜನ 'ಕರೆಂಟ್ ಕೊಡಿಸುವುದು' ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ಬಹುಕಾಲ ಬಳಕೆಯಾದದ್ದು ಕೋಬಾಲ್ಟ್-60ರ ಗಾಮಾ ಕಿರಣ. ಇದರ ಅರ್ಧಾಯು 5.27 ವರ್ಷವಾದ್ದರಿಂದ ಆಸ್ಪತ್ರೆಗಳು ಮೂಲವನ್ನು ಆಗಾಗ ಬದಲಿಸಬೇಕಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಲ್ಲಿ ಆರಂಭವಾದ ಮೇಲೆ ರಾಜ್ಯದ ಕ್ಯಾನ್ಸರ್ ರೋಗಿಗಳಿಗೆ ಈ ಚಿಕಿತ್ಸೆ ಹೆಚ್ಚು ಕೈಗೆಟುಕಿತು.

ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳು 2000ದಿಂದ 2011ರ ನಡುವೆ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಮೊದಲ ಘಟಕ 2018ರ ಡಿಸೆಂಬರಿನವರೆಗೆ 962 ದಿನ ನಿಲ್ಲದೆ ನಡೆದು ದಾಖಲೆ ಬರೆಯಿತು. 2009ರ ನವೆಂಬರಿನಲ್ಲಿ ಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣಶೀಲ ಟ್ರಿಟಿಯಂ ಬೆರೆತ ಭಾರಜಲ ಸೇರಿದ್ದು ಸಿಬ್ಬಂದಿಯ ಮೂತ್ರಪರೀಕ್ಷೆಯಲ್ಲಿ ಬಯಲಾಯಿತು. ಟ್ರಿಟಿಯಂನ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಚರ್ಮವನ್ನೂ ದಾಟದು. ಟ್ರಿಟಿಯಂ ನೀರಿನ ಮೂಲಕ ಒಳಹೊಕ್ಕರೆ ಮಾತ್ರ ದೇಹದ ತುಂಬ ಹರಡುತ್ತದೆ. 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ನೀಡಿತು.

ಸ್ವಾಭಾವಿಕ ವಿಕಿರಣ

ಸ್ವಾಭಾವಿಕ ಮೂಲಗಳಿಂದ ಮನುಷ್ಯನಿಗೆ ವರ್ಷಕ್ಕೆ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಅದರ ಅರ್ಧದಷ್ಟು ರೇಡಾನ್ ಅನಿಲದ ಪಾಲು. ಗ್ರಾನೈಟ್, ನೈಸ್ ಶಿಲೆಗಳ ಯುರೇನಿಯಂ ಸರಣಿಯಿಂದ ಹುಟ್ಟುವ ಈ ಅನಿಲ ನೆಲದ ಬಿರುಕು, ಕೊಳವೆಬಾವಿಯ ನೀರುಗಳ ಮೂಲಕ ಮನೆ ಸೇರುತ್ತದೆ. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮೈಸೂರು ಸುತ್ತಿನ ಮನೆ, ಅಂತರ್ಜಲಗಳಲ್ಲಿ ಇದನ್ನು ಅಳೆದಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದವರು ಕರಾವಳಿ ಮತ್ತು ಕೈಗಾ ಪರಿಸರವನ್ನು ಅಧ್ಯಯನ ಮಾಡಿದ್ದಾರೆ. ರೇಡಾನ್ ಉಸಿರಿನೊಂದಿಗೆ ಒಳಹೋದಾಗ, ಕಾಗದಕ್ಕೆ ಸೋಲುವ ಅದರ ಆಲ್ಫಾ ಕಣವೇ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡುವುದು, ನೆಲದ ಬಿರುಕುಗಳನ್ನು ಮುಚ್ಚುವುದು ಇದಕ್ಕೆ ಸುಲಭದ ಪರಿಹಾರ.