ಮಿರಜದ ತಂಬೂರಿ: ಕೈಯಿಂದ ಕೈಗೆ ಬಂದ ವಿದ್ಯೆ

ಖಡ್ಗಗಳಿಗೆ ಸಾಣೆ ಹಿಡಿಯುತ್ತಿದ್ದ ಕೈಗಳೇ ತಂಬೂರಿಯನ್ನು ನಿರ್ಮಿಸಿದ ವೃತ್ತಾಂತ ನಮ್ಮ ಮಿರಜದ್ದು. ಆಯುಧಗಳಿಗೆ ಬೇಡಿಕೆ ತಗ್ಗಿದಾಗ, 19ನೆಯ ಶತಮಾನದ ಮಧ್ಯಭಾಗದಲ್ಲಿ, ಶಿಕಲಗಾರ ಸಮಾಜದ ಫರೀದಸಾಹೇಬರು ವಾದ್ಯನಿರ್ಮಾಣಕ್ಕೆ ತೊಡಗಿದರು. ಅಂದಿನಿಂದ ಈ ವಿದ್ಯೆಗೆ ಅಂಗಡಿಯೇ ಪಾಠಶಾಲೆ. ಸೋರೆಬುರುಡೆಯನ್ನು ಹದಗೊಳಿಸುವುದರಿಂದ ಜವಾರಿ ತಿದ್ದುವವರೆಗೆ ಎಲ್ಲವನ್ನೂ ಹುಡುಗರು ಹಿರಿಯರ ಮಗ್ಗುಲಲ್ಲಿ ಕುಳಿತೇ ಕಲಿತರು. ತಂತಿಗಳನ್ನು ಹೊತ್ತ ಕುದುರೆಯನ್ನು ಎಷ್ಟು ಉಜ್ಜಬೇಕೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಪಳಗಿದ ಕಿವಿಯೇ ಹೇಳಬೇಕು.

2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರಿಗೆ ರಕ್ಷಣೆಯಾಯಿತು, ಆದರೆ ಕಲಿಯುವವರಿಲ್ಲದೆ ಕಸುಬು ಉಳಿಯದು. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಗಳಲ್ಲಿ ಕಲಿಯುವ ತರುಣರಿಗೆ ಮಾಸಿಕ ಭತ್ಯೆಯನ್ನು ಒದಗಿಸಿತು. ಅಂಥ ಆಸರೆ ಈ ವಾದ್ಯಶಿಲ್ಪಿಗಳ ಬಳಿ ಕಲಿಯಬಯಸುವ ನಮ್ಮ ಮಕ್ಕಳಿಗೂ ದೊರೆಯಬೇಕು.