ಸೌರದೀಪದ ಬೆಲೆ ಮತ್ತು ಕಂತಿನ ಅವಧಿ: ಒಂದು ಮರುಪರಿಶೀಲನೆ

ಮನೆಬಳಕೆಯ ಸೌರ ಸಾಧನಗಳು ಜನಸಾಮಾನ್ಯರಿಗೆ ದಕ್ಕಬೇಕಾದರೆ ಮೊದಲು ಅವುಗಳ ಬೆಲೆ ಇಳಿಯಬೇಕು ಎಂಬುದು ನಮ್ಮಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. 2010ರ ಜನವರಿಯಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಅಭಿಯಾನವು ವಿದ್ಯುತ್ ಜಾಲದ ಹೊರಗಿನ ಸಾಧನಗಳಿಗೆ ಶೇ. 30ರಷ್ಟು ಬಂಡವಾಳ ಸಹಾಯಧನ ಕೊಟ್ಟಿತು. 2024ರ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ನ ಚಾವಣಿ ಘಟಕಕ್ಕೆ 78,000 ರೂಪಾಯಿ ಕೊಡುತ್ತದೆ. ಎರಡರಲ್ಲೂ ಸಾಲದ ಅಂಗವಿದ್ದರೂ ಚರ್ಚೆಯೆಲ್ಲ ಸಹಾಯಧನದ ಸುತ್ತಲೇ ನಡೆದಿದೆ.

ಸಿ. ಕೆ. ಪ್ರಹ್ಲಾದ್ 2004ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಡವರನ್ನು ಗ್ರಾಹಕರೆಂದು ಗೌರವಿಸಿ, ಅವರ ಕೈಗೆಟುಕುವಂತೆ ಸರಕನ್ನೂ ಪಾವತಿಯನ್ನೂ ರೂಪಿಸಬೇಕೆಂದು ವಾದಿಸಿದರು. ಅನೀಲ್ ಕರ್ನಾನಿ 2007ರ ಲೇಖನದಲ್ಲಿ ಇದನ್ನು ಕಟುವಾಗಿ ವಿಮರ್ಶಿಸಿದರು. ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ಮಾರಿದರೆ ಅನುಕೂಲವಾಗಬಹುದು, ಪ್ರತಿ ಬಳಕೆಯ ವೆಚ್ಚವೇನೂ ಇಳಿಯುವುದಿಲ್ಲ. ಸಾಲ ಕೊಟ್ಟರೂ ವಸ್ತುವಿನ ನಿಜವಾದ ಬೆಲೆ ಕಡಿಮೆಯಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ಪೊಟ್ಟಣದ ಮಟ್ಟಿಗೆ ಕರ್ನಾನಿಯವರದು ಸರಿ. ಸಾಲದ ಕುರಿತ ಅವರ ನಿಲುವನ್ನು ಸೌರದೀಪಕ್ಕೂ ಹಾಗೆಯೇ ಅನ್ವಯಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. 10,000 ರೂಪಾಯಿಯ ದೀಪವ್ಯವಸ್ಥೆಗೆ ಶೇ. 12ರ ಬಡ್ಡಿಯಲ್ಲಿ ಮೂರು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 332 ರೂಪಾಯಿ. ಸರ್ಕಾರ ಶೇ. 30ರ ಸಹಾಯಧನ ಕೊಟ್ಟು ಸಾಲ 7,000ಕ್ಕೆ ಇಳಿದರೆ ಕಂತು 232ಕ್ಕೆ ಇಳಿಯುತ್ತದೆ. ಸಹಾಯಧನವೇ ಇಲ್ಲದೆ, ಬಡ್ಡಿಯನ್ನೂ ಮುಟ್ಟದೆ, ಅವಧಿಯನ್ನಷ್ಟೇ ಐದು ವರ್ಷಕ್ಕೆ ಹಿಗ್ಗಿಸಿದರೆ ಕಂತು 222 ರೂಪಾಯಿ. ಅಂದರೆ ಎರಡು ವರ್ಷದ ಹೆಚ್ಚುವರಿ ಅವಧಿ ತಿಂಗಳ ಹೊರೆಯನ್ನು 3,000 ರೂಪಾಯಿಯ ಸಹಾಯಧನಕ್ಕಿಂತ ತುಸು ಹೆಚ್ಚೇ ಇಳಿಸುತ್ತದೆ. ಇದಾದ ಮೇಲೆ ಬಡ್ಡಿಯನ್ನು ಶೇ. 12ರಿಂದ 5ಕ್ಕೆ ತಂದರೂ ಉಳಿಯುವುದು ಮತ್ತೆ 34 ರೂಪಾಯಿ ಮಾತ್ರ.

ಕರ್ನಾನಿಯವರ ಆಕ್ಷೇಪ ಇಲ್ಲಿಯೇ ಎದುರಾಗುತ್ತದೆ. ದೀರ್ಘಾವಧಿಯ ಸಾಲದಲ್ಲಿ ಕುಟುಂಬ ಒಟ್ಟು 13,347 ರೂಪಾಯಿ ಕಟ್ಟುತ್ತದೆ. ಮೂರು ವರ್ಷದ ಸಾಲಕ್ಕಿಂತ ಇದು 1,390 ರೂಪಾಯಿ ಜಾಸ್ತಿ. ದೀಪ ಅಗ್ಗವಾಗಲಿಲ್ಲ, ದುಬಾರಿಯೇ ಆಯಿತು. ಈ ಲೆಕ್ಕ ನಿಜ. ಆದರೆ ಸಾಲದಲ್ಲಿ ಕೊಂಡ ಟಿವಿ ಮನೆಯ ಖರ್ಚಿಗೆ ಹೊಸದೊಂದು ಬಾಬನ್ನು ಸೇರಿಸುತ್ತದೆ. ಸೌರದೀಪ ಹಳೆಯದೊಂದು ಬಾಬಿನ ಜಾಗಕ್ಕೆ ಬರುತ್ತದೆ. ಸೀಮೆಎಣ್ಣೆ, ಮೇಣದಬತ್ತಿ, ಪೇಟೆಯಲ್ಲಿ ಮೊಬೈಲ್ ಚಾರ್ಜಿಗೆ ಕೊಡುವ ಕಾಸು, ಇವೆಲ್ಲ ಆ ಕುಟುಂಬ ಹೇಗೂ ತೆರುತ್ತಿದ್ದ ಹಣ. ಕಂತು ಈ ಮೊತ್ತದೊಳಗೆ ನಿಂತರೆ ಕೊಳ್ಳುವ ಸಾಮರ್ಥ್ಯ ನಿಜಕ್ಕೂ ಹೆಚ್ಚಿದಂತೆ. ಬೆಳಕು ಈಗಲೇ ಬೇಕಾದ, ಒಟ್ಟಿಗೆ ಹಣ ಹೊಂದಿಸಲಾಗದ ಮನೆಗೆ ಒಟ್ಟು ಮೊತ್ತಕ್ಕಿಂತ ತಿಂಗಳ ಮೊತ್ತವೇ ನಿರ್ಣಾಯಕ.

ಕರ್ನಾಟಕದ ಅನುಭವ ಇದಕ್ಕೆ ಪೂರಕವಾಗಿದೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಗ್ರಾಮೀಣ ಬ್ಯಾಂಕುಗಳನ್ನು ಸೌರದೀಪದ ಸಾಲಕ್ಕೆ ಒಪ್ಪಿಸುತ್ತ ಬೆಳೆಯಿತು. ಬೀದಿಬದಿಯ ವ್ಯಾಪಾರಿಗೆ ದಿನದ ಪಾವತಿ, ಅಡಿಕೆ ಬೆಳೆಗಾರನಿಗೆ ಕೊಯ್ಲಿನ ನಂತರದ ಪಾವತಿ ಎಂಬಂತೆ ಕಂತನ್ನು ಆದಾಯದ ಲಯಕ್ಕೆ ಹೊಂದಿಸುವುದು ಆ ಪದ್ಧತಿಯ ವೈಶಿಷ್ಟ್ಯ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕರ್ನಾಟಕ, ಕೇರಳಗಳಲ್ಲಿ ಬಡ್ಡಿ ರಿಯಾಯಿತಿಯ ಸೌರಸಾಲ ಆರಂಭಿಸಿದವು. ರಿಯಾಯಿತಿಯನ್ನು ಹಂತಹಂತವಾಗಿ ತಗ್ಗಿಸಿದ ಈ ಯೋಜನೆಯಡಿ 16,000ಕ್ಕೂ ಹೆಚ್ಚು ಮನೆಗಳಿಗೆ ಸಾಲ ಸಿಕ್ಕಿತು. ಸಂಸ್ಥೆಯ ಸಹಸಂಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಸೆಲ್ಕೊ ಅಳವಡಿಕೆಗಳ ಸಂಖ್ಯೆ 1,20,000 ಎಂದು ಪ್ರಶಸ್ತಿಪತ್ರ ಹೇಳಿತು. ಸೌರಫಲಕದ ಬೆಲೆ 2010ರಿಂದ 2020ರ ನಡುವೆ ಸುಮಾರು ಶೇ. 90ರಷ್ಟು ಕುಸಿಯಿತು. ಅಂದರೆ ಈ ದೀಪಗಳ ದೊಡ್ಡ ಪಾಲು ಮನೆ ಸೇರಿದ್ದು ಆ ಕುಸಿತಕ್ಕೆ ಮೊದಲು. ಬೆಲೆ ಇಳಿಕೆಯೊಂದೇ ಈ ಹರಡುವಿಕೆಯ ಕಾರಣ ಎನ್ನುವುದಕ್ಕೆ ಕಾಲಾನುಕ್ರಮವೇ ಅಡ್ಡಿ.

ಆದ್ದರಿಂದ, ಸಣ್ಣ ಸೌರದೀಪಗಳ ಮಟ್ಟಿಗೆ ಕಂತಿನ ಅವಧಿ ಮತ್ತು ಲಯ ಸಹಾಯಧನಕ್ಕಿಂತ ಹೆಚ್ಚು ಪರಿಣಾಮಕಾರಿಯಾಗಿದ್ದವು ಎಂದು ಸೂಚಿಸಬಯಸುತ್ತೇನೆ. ಈ ಮಾತಿಗೆ ಮಿತಿಗಳಿವೆ. ಪ್ರಶಸ್ತಿಪತ್ರದ ಸಂಖ್ಯೆಯಲ್ಲಿ ಮನೆಗಳ ಜೊತೆ ಸಣ್ಣ ಉದ್ಯಮಗಳೂ ಸಮುದಾಯ ಕೇಂದ್ರಗಳೂ ಸೇರಿವೆ. ಪಡಿತರದ ಸೀಮೆಎಣ್ಣೆ ಅಗ್ಗವಾಗಿದ್ದುದರಿಂದ ಉಳಿತಾಯ ಎಲ್ಲೆಡೆ ಕಂತನ್ನು ಮುಟ್ಟಿರಲಾರದು. ಮನೆಬಾಗಿಲಿಗೆ ಬಂದು ದುರಸ್ತಿ ಮಾಡುವ ಸೇವೆಯ ಪಾಲನ್ನು ಸಾಲದ ಪಾಲಿನಿಂದ ಬೇರ್ಪಡಿಸುವುದೂ ಕಷ್ಟ. ಎಲ್ಲಕ್ಕಿಂತ ಗಂಭೀರವಾದದ್ದು ಕರಾವಳಿಯ ಬ್ಯಾಂಕಿಂಗ್ ಪರಂಪರೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ ಬ್ಯಾಂಕುಗಳು ಹುಟ್ಟಿದ ನಾಡಿನಲ್ಲಿ ಫಲಿಸಿದ ಪದ್ಧತಿ ಬ್ಯಾಂಕ್ ಶಾಖೆ ದೂರವಿರುವ ಕಡೆಯೂ ಫಲಿಸುತ್ತದೆಂದು ಊಹಿಸುವಂತಿಲ್ಲ.

ಬ್ಯಾಟರಿಯದು ಇನ್ನೊಂದು ತೊಡಕು. ಸೀಸ–ಆಮ್ಲದ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಸಾಲ ತೀರುವ ಹೊತ್ತಿಗೋ, ಅದಕ್ಕೂ ಮೊದಲೋ ಹೊಸ ಬ್ಯಾಟರಿಯ ಖರ್ಚು ಬರುತ್ತದೆ. ಸಹಾಯಧನವಾಗಲಿ ಸಾಲವಾಗಲಿ ಇದನ್ನು ಗಣನೆಗೆ ತರದಿದ್ದರೆ ದೀಪ ಆರುತ್ತದೆ. ಇಂದಿನ ಚಾವಣಿ ಘಟಕಗಳ ಪ್ರಶ್ನೆಯೇ ಬೇರೆ: 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಪಡೆಯುವ ಮನೆಗೆ ಕಂತಿನೊಂದಿಗೆ ಹೋಲಿಸಲು ಬಿಲ್ಲೇ ಇಲ್ಲ, ಬಾಡಿಗೆದಾರರಿಗೆ ಚಾವಣಿಯೂ ಇಲ್ಲ. ಇಲ್ಲಿನ ವಾದವನ್ನು ಅಲ್ಲಿಗೆ ಎಳೆಯಲಾಗದು.

ಯಾವ ಅವಧಿಯ ಸಾಲ ಎಷ್ಟು ಮರುಪಾವತಿಯಾಯಿತು, ಬ್ಯಾಟರಿ ಕೆಟ್ಟ ಮೇಲೆ ಕಂತು ನಿಂತಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದದ್ದು ಶಾಖೆಗಳ ಸಾಲದ ಖಾತೆಪುಸ್ತಕಗಳಲ್ಲಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇನಲ್ಲಿ ಒಂದಾದವು. ಆ ಹಳೆಯ ದಾಖಲೆಗಳು ವಿಲೇವಾರಿಯಾಗುವ ಮೊದಲೇ, ಸಾಲಗಾರರ ಹೆಸರು ಮರೆಮಾಡಿ, ಅವುಗಳನ್ನು ಸಂಶೋಧಕರ ಅಧ್ಯಯನಕ್ಕೆ ತೆರೆದಿಡಬೇಕೆಂದು ಈ ಬ್ಯಾಂಕುಗಳನ್ನು ಕೋರುತ್ತೇನೆ.